ಓಸ್ಲೊ ಒಪೆರಾದ ತಾರಸಿಗೆ ಕರಾರಾ ಅಮೃತಶಿಲೆ: ಆಯ್ಕೆ ಸರಿಯೇ?

ಗಾರೆಕಲ್ಲು:
ನಾರ್ವೆಯ ವಾಸ್ತುಶಿಲ್ಪ ಸಂಸ್ಥೆ ಸ್ನೋಹೆಟ್ಟಾದ ಮಾತು ಬಂದರೆ ಸಾಕು, ಅವರು ವಿನ್ಯಾಸ ಮಾಡಿದ ಓಸ್ಲೊ ಒಪೆರಾ ರಂಗಮಂದಿರದ ಬಿಳಿ ಇಳಿಜಾರಿನ ಫೋಟೊ ಮೊದಲು ಬರುತ್ತದೆ. 2008ರ ಏಪ್ರಿಲ್‌ನಲ್ಲಿ ತೆರೆದ ಕಟ್ಟಡ, 2009ರಲ್ಲಿ ಯುರೋಪಿನ ವಾಸ್ತುಶಿಲ್ಪಕ್ಕೆ ಕೊಡುವ ಮೀಸ್ ವಾನ್ ಡೆರ್ ರೋ ಪ್ರಶಸ್ತಿ ಪಡೆಯಿತು. ಫ್ಯೋರ್ಡ್‌ನ (ನೆಲದೊಳಕ್ಕೆ ಚಾಚಿದ ಸಮುದ್ರದ ಕವಲಿನ) ನೀರಿನ ಅಂಚಿನಿಂದ ಹೊರಟವರು ನಡೆಯುತ್ತಲೇ ತಾರಸಿಯ ನೆತ್ತಿಗೆ ಹೋಗಬಹುದು, ಟಿಕೆಟ್ ಬೇಡ. ಆ ಕಲ್ಪನೆ ದೊಡ್ಡದು, ಅದರ ಬಗ್ಗೆ ತಕರಾರಿಲ್ಲ. ನನ್ನ ತಕರಾರು ಹಾಸಿದ ಕಲ್ಲಿನದು.

ಇಟಲಿಯ ಕರಾರಾ ಅಮೃತಶಿಲೆ ಚಳಿದೇಶದಲ್ಲಿ ಹೇಗೆ ಕೈಕೊಡುತ್ತದೆ ಎನ್ನುವುದಕ್ಕೆ ಆಗಲೇ ಎರಡು ದೊಡ್ಡ ಸಾಕ್ಷಿಗಳಿದ್ದವು. ಒಂದು, ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಕಟ್ಟಿದ ಫಿನ್‌ಲಾಂಡಿಯಾ ಹಾಲ್. 1971ರಲ್ಲಿ ತೆರೆಯಿತು, ಗೋಡೆಯ 3 ಸೆಂ.ಮೀ. ದಪ್ಪದ ಹಲಗೆಗಳು ಕೆಲವೇ ವರ್ಷಗಳಲ್ಲಿ ಬಾಗಲು ಶುರುವಾಗಿ 1990ರ ದಶಕದ ಕೊನೆಗೆ ಪೂರ್ತಿ ಬದಲಿಸಬೇಕಾಯಿತು. ಇನ್ನೊಂದು, ಶಿಕಾಗೋದ ಅಮೊಕೊ ಗೋಪುರ. ಅಲ್ಲಿ ಸುಮಾರು 43,000 ಹಲಗೆ ಕಿತ್ತು 1990–92ರಲ್ಲಿ ಗ್ರಾನೈಟ್ ಹಾಕಿದರು. ಓಸ್ಲೊದ ವಿನ್ಯಾಸ ರೂಪುಗೊಳ್ಳುತ್ತಿದ್ದದ್ದು 2000ದ ಆಸುಪಾಸು. ಪಕ್ಕದ ದೇಶದಲ್ಲಿ ಕಲ್ಲು ಬದಲಿಸಿ ಮುಗಿಸುವ ಹೊತ್ತಿಗೆ ಇವರು ಅದೇ ಕರಾರಾ ಕಲ್ಲನ್ನು ತಾರಸಿಗೆ ಆರಿಸುತ್ತಾರೆ. ಗ್ರಾನೈಟ್, ಲಾರ್ವಿಕೈಟ್ (ಗ್ರಾನೈಟ್‌ನಂಥದೇ ಗಟ್ಟಿ ಕಲ್ಲು) ಎರಡೂ ತಮ್ಮ ನೆಲದಲ್ಲೇ ಸಿಗುವ ದೇಶದವರು! ಇದಕ್ಕೆ ತಾಂತ್ರಿಕ ಸಮರ್ಥನೆ ಇದ್ದರೆ ಬಲ್ಲವರು ಹೇಳಿ.

ಹಾಸುಚಪ್ಪಡಿ:
ಗಾರೆಕಲ್ಲು ಅವರೇ, ನೀವು ಕೊಟ್ಟ ಎರಡೂ ಉದಾಹರಣೆ ಗೋಡೆಗೆ ನೇತುಹಾಕಿದ ತೆಳು ಹಲಗೆಗಳದ್ದು. ತಾರಸಿಗೆ ಹಾಸಿದ ಕಲ್ಲಿನ ಕಥೆ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಅಮೃತಶಿಲೆ ಎಂದರೆ ಕ್ಯಾಲ್ಸೈಟ್ ಹರಳುಗಳ ಒಟ್ಟು. ಈ ಹರಳು ಬಿಸಿಯಾದಾಗ ಒಂದು ದಿಕ್ಕಿನಲ್ಲಿ ಹಿಗ್ಗುತ್ತದೆ, ಅದಕ್ಕೆ ಅಡ್ಡಲಾದ ದಿಕ್ಕಿನಲ್ಲಿ ಕುಗ್ಗುತ್ತದೆ. ಪ್ರತಿ ಡಿಗ್ರಿಗೆ ಉದ್ದಕ್ಕೆ ದಶಲಕ್ಷಕ್ಕೆ ಸುಮಾರು 25ರಷ್ಟು ಹಿಗ್ಗು, ಅಡ್ಡಕ್ಕೆ ಸುಮಾರು 5ರಷ್ಟು ಕುಗ್ಗು. ಒಂದೊಂದು ಹರಳೂ ಒಂದೊಂದು ಕಡೆ ಮುಖ ಮಾಡಿರುವುದರಿಂದ ಬಿಸಿಲು ಬಿದ್ದಾಗಲೆಲ್ಲ ಅವು ಪರಸ್ಪರ ತಳ್ಳಾಡುತ್ತವೆ. ಹರಳುಗಳ ನಡುವಿನ ಹಿಡಿತ ಸ್ವಲ್ಪಸ್ವಲ್ಪವೇ ಸಡಿಲವಾಗುತ್ತದೆ, ತಣ್ಣಗಾದ ಮೇಲೆ ಕಲ್ಲು ಮೊದಲಿನ ಅಳತೆಗೆ ಪೂರ್ತಿ ಮರಳುವುದಿಲ್ಲ. ಸಡಿಲವಾದ ಸಂದಿಗೆ ತೇವ ಸೇರಿದರೆ ಹಾನಿ ಇನ್ನೂ ಬೇಗ. 3 ಸೆಂ.ಮೀ. ಹಲಗೆಯ ಒಂದು ಮುಖಕ್ಕೆ ಬಿಸಿಲು, ಇನ್ನೊಂದು ಮುಖಕ್ಕೆ ನೆರಳು ಎಂದಾದಾಗ ಎರಡು ಮುಖಗಳ ಬೆಳವಣಿಗೆ ಬೇರೆಬೇರೆಯಾಗಿ ಹಲಗೆ ಬಾಗುತ್ತದೆ. ನಾಲ್ಕು ಮೂಲೆಯಲ್ಲಿ ಆಂಕರ್ (ಕಲ್ಲನ್ನು ಗೋಡೆಗೆ ಹಿಡಿಸುವ ಲೋಹದ ಕೊಕ್ಕೆ) ಹಿಡಿದಿದ್ದರೆ ಒಡೆಯುವುದು ಅಲ್ಲೇ.

ಜನ ಓಡಾಡುವ ತಾರಸಿಯ ಚಪ್ಪಡಿಗೆ ದಪ್ಪ ಬೇಕೇ ಬೇಕು. ಅಡಿಯಿಂದ ಪೂರ್ತಿ ಆಧಾರವಿದೆ, ತನ್ನ ಭಾರವೇ ಅದನ್ನು ಚಪ್ಪಟೆಯಾಗಿ ಕೂರಿಸುತ್ತದೆ. ಬಾಗುವುದು ಅಲ್ಲಿ ಮುಖ್ಯ ಶತ್ರು ಅಲ್ಲ.

ಇನ್ನು ಆಯ್ಕೆಯ ಕಾರಣ. ಓಸ್ಲೊಗೆ ಬಂದದ್ದು ಕರಾರಾದ ‘ಲಾ ಫಚ್ಚಾಟಾ’ ಎಂಬ ಬಗೆ. ಒದ್ದೆಯಾದಾಗಲೂ ಅದರ ಬಿಳುಪು ಮಂಕಾಗುವುದಿಲ್ಲ ಎನ್ನುವುದು ವಿನ್ಯಾಸಕಾರರು ಕೊಟ್ಟ ಕಾರಣಗಳಲ್ಲಿ ಒಂದು. ಒರಟು ಮುಖದ ಗ್ರಾನೈಟ್ ಮಳೆಗೆ ಕಪ್ಪಗಾಗುವುದನ್ನು ಕಲ್ಲಿನ ಕೆಲಸ ಬಲ್ಲವರೆಲ್ಲ ನೋಡಿದ್ದೀರಿ. ವರ್ಷದ ಅರ್ಧದಷ್ಟು ದಿನಗಳಲ್ಲಿ ಮಳೆ, ಹಿಮ, ಮೋಡ ಇರುವ ಊರಿನಲ್ಲಿ ಕಟ್ಟಡ ಬಿಳಿಯಾಗಿ ಕಾಣಬೇಕೆಂದರೆ ಒದ್ದೆಯಾದಾಗಿನ ಬಣ್ಣವೇ ಲೆಕ್ಕಕ್ಕೆ ಬರುವುದು. ಆದರೆ ಫ್ಯೋರ್ಡ್‌ನ ನೀರು ನೇರವಾಗಿ ತಾಗುವ ಭಾಗಕ್ಕೆ ಹಾಕಿರುವುದು ನಾರ್ವೆಯದೇ ಗ್ರಾನೈಟ್. ಎಲ್ಲಿ ಯಾವ ಕಲ್ಲು ನಿಲ್ಲುತ್ತದೆ ಎಂದು ಅವರು ವಿಂಗಡಿಸಿಯೇ ಇಟ್ಟಿದ್ದಾರೆ.

ತೇವಪತ್ತೆ:
ಬಾಗುವ ವಿಷಯದಲ್ಲಿ ಹಾಸುಚಪ್ಪಡಿ ಹೇಳಿದ್ದು ಸರಿ. ಆದರೆ ಅಲ್ಲಿಗೆ ನಿಲ್ಲಿಸಿದರೆ ವಿಷಯ ಅರ್ಧಕ್ಕೇ ನಿಂತಂತೆ. ತೆರೆದ ಕೆಲವೇ ಸಮಯದಲ್ಲಿ ಆ ತಾರಸಿಯಲ್ಲಿ ಹಳದಿ ಛಾಯೆ ಕಾಣಿಸಿಕೊಂಡು ನಾರ್ವೆಯ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಹಾಸುಗಲ್ಲಿನ ಶತ್ರು ಕೆಳಗಿನಿಂದ ಬರುತ್ತದೆ.

ಬಿಳಿ ಅಮೃತಶಿಲೆ ಹಳದಿಯಾಗುವ ಸಾಮಾನ್ಯ ದಾರಿಗಳು ಇವು. ಕಲ್ಲಿನೊಳಗೇ ಇರುವ ಪೈರೈಟ್‌ನಂಥ ಕಬ್ಬಿಣದ ಅಂಶ ತೇವ, ಗಾಳಿ ತಾಗಿ ತುಕ್ಕಾಗುತ್ತದೆ. ಅಡಿಯ ಗಾರೆಯಲ್ಲಿ ನಿಂತ ನೀರು ಕಲ್ಲಿನ ಮೂಲಕ ಮೇಲಕ್ಕೆ ಆವಿಯಾಗಿ ಹೋಗುವಾಗ ಕರಗಿದ ಲವಣ, ಕಲ್ಮಶಗಳನ್ನು ಮೇಲ್ಮೈಗೆ ತಂದು ಬಿಡುತ್ತದೆ. ಕೀಲುಗಳಿಗೆ ತುಂಬುವ ಕೆಲವು ಸೀಲಂಟ್‌ಗಳ ಎಣ್ಣೆಯಂಶ ಕಲ್ಲಿಗೆ ಹೀರಿಕೊಂಡು ಅಂಚಿನುದ್ದಕ್ಕೂ ಕೊಳೆ ಹಿಡಿದ ಚೌಕಟ್ಟಿನಂತೆ ಕಾಣುತ್ತದೆ. ಅದಕ್ಕೇ ಅಮೃತಶಿಲೆಗೆ ಕಲೆ ಬಿಡದ ಸೀಲಂಟ್ ಎಂದೇ ಟೆಂಡರ್‌ನಲ್ಲಿ ಬರೆಸಬೇಕು, ಅದೇ ಕಲ್ಲಿನ ತುಂಡಿನ ಮೇಲೆ ಪರೀಕ್ಷೆ ಮಾಡಿಸಿ ನೋಡಬೇಕು.

ಚಳಿದೇಶದಲ್ಲಿ ಇನ್ನೊಂದು ಕಾಟ: ಹಿಮ ಕರಗಿಸುವ ಉಪ್ಪು. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ನೀರಿನ ಜೊತೆ ಉಪ್ಪೂ ಸೇರಿದರೆ ಮೇಲ್ಪದರ ಸಕ್ಕರೆಯಂತೆ ಪುಡಿಪುಡಿಯಾಗಿ ಉದುರುತ್ತದೆ. ಉಪ್ಪಿನ ಬದಲು ಜಲ್ಲಿಪುಡಿ ಚೆಲ್ಲಿದರೆ ಅದು ಕಾಲಡಿಗೆ ಸಿಕ್ಕಿ ಮೃದುವಾದ ಕಲ್ಲನ್ನು ಗೀರುತ್ತದೆ. ಮೋಸ್ ಗಟ್ಟಿತನದ ಅಳತೆಯಲ್ಲಿ ಅಮೃತಶಿಲೆಯ ಕ್ಯಾಲ್ಸೈಟ್ 3, ಜಲ್ಲಿಪುಡಿಯಲ್ಲಿ ಸಿಗುವ ಬೆಣಚು 7. ಆ್ಯಸಿಡ್ ಇರುವ ಯಾವ ಕ್ಲೀನರೂ ಹತ್ತಿರ ಸುಳಿಯಬಾರದು, ಕಲ್ಲೇ ಕರಗುತ್ತದೆ. ಹಾಗಾಗಿ ಇಂಥ ತಾರಸಿಯ ಖರ್ಚನ್ನು ಕಟ್ಟುವ ವರ್ಷದ ಲೆಕ್ಕದಲ್ಲಿ ನೋಡಬಾರದು, ಐವತ್ತು ವರ್ಷದ ನಿರ್ವಹಣೆಯ ಲೆಕ್ಕದಲ್ಲಿ ನೋಡಬೇಕು.

ಗಾರೆಕಲ್ಲು:
ನನ್ನ ಮಾತಿನ ಸಾರವೂ ಅದೇ. ಗ್ರಾನೈಟ್ ಆಗಿದ್ದರೆ ಈ ಪಟ್ಟಿಯಲ್ಲಿ ಮುಕ್ಕಾಲು ಭಾಗ ಇರುತ್ತಿರಲಿಲ್ಲ.

ಇಳಿಜಾರು:
ಕಲ್ಲಿನ ಜಾತಿಗಿಂತ ನನಗೆ ಮುಖ್ಯ, ಅದರ ಮೇಲೆ ಯಾರು ನಡೆಯಬಲ್ಲರು ಎನ್ನುವುದು. ‘ಎಲ್ಲರ ತಾರಸಿ’ ಎಂದು ಹೊಗಳುತ್ತೇವೆ. ಗಾಲಿಕುರ್ಚಿಯವರಿಗೆ ಭಾರತದ ಮಾನದಂಡದಲ್ಲೂ ರ‍್ಯಾಂಪ್‌ನ ಮಿತಿ 1:12, ಅಂದರೆ 12 ಮೀಟರ್ ನಡೆದರೆ 1 ಮೀಟರ್ ಏರು. ನಡುನಡುವೆ ಸಮತಟ್ಟಾದ ತಂಗುಜಾಗ, ಎರಡೂ ಬದಿಗೆ ಕೈಕಂಬಿ. ಓಸ್ಲೊದ ತಾರಸಿ ರ‍್ಯಾಂಪ್ ಎಂದು ಮಾಡಿದ್ದಲ್ಲ. ಅಲ್ಲಲ್ಲಿ ಬೇಕೆಂದೇ ಬಿಟ್ಟ ತಗ್ಗು ಏಣುಗಳಿವೆ (ಸಣ್ಣ ಮೆಟ್ಟಿಲಿನಂಥ ಅಂಚುಗಳು), ಎಲ್ಲವೂ ಬಿಳಿಯ ಮೇಲೆ ಬಿಳಿ. ಕಣ್ಣು ಮಂದವಾದವರಿಗೆ ಮೋಡದ ದಿನ ಆ ಏಣು ಕಾಣುವುದೇ ಇಲ್ಲ, ಏಕೆಂದರೆ ನೆರಳು ಬೀಳುವುದಿಲ್ಲ.

ನಾರ್ವೆಯಲ್ಲಿ ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡುವುದನ್ನು ತಡೆಯುವ, ಸರ್ವರಿಗೂ ಸುಗಮವಾದ ವಿನ್ಯಾಸವನ್ನು ಕಡ್ಡಾಯದ ಕಡೆಗೆ ಒಯ್ದ ಕಾನೂನು ಜಾರಿಗೆ ಬಂದದ್ದು 2009ರ ಜನವರಿ 1ಕ್ಕೆ. ಒಪೆರಾ ಅದಕ್ಕೂ ಒಂಬತ್ತು ತಿಂಗಳು ಮೊದಲೇ ತೆರೆದಿತ್ತು. ಇವತ್ತು ಅದೇ ನಕ್ಷೆ ಮಂಜೂರಿಗೆ ಹೋದರೆ ಏಣುಗಳ ಬಗ್ಗೆ ಕಠಿಣ ಪ್ರಶ್ನೆ ಏಳುತ್ತದೆ.

ಹಾಸುಚಪ್ಪಡಿ:
ಇಳಿಜಾರು ಅವರೇ, ಏಣುಗಳು ಹೇಗೆ ಬಂದವೆಂದು ನೋಡೋಣ. ಆ ತಾರಸಿಯ ಕಲ್ಲಿನ ವಿನ್ಯಾಸವನ್ನು ವಾಸ್ತುಶಿಲ್ಪಿಗಳ ಜೊತೆ ಮಾಡಿದವರು ಮೂವರು ಕಲಾವಿದರು: ಕ್ರಿಸ್ಟಿಯಾನ್ ಬ್ಲೂಸ್ಟಾಡ್, ಕಾಲ್ಲೆ ಗ್ರೂಡೆ, ಯೋರುನ್ ಸಾನ್ನೆಸ್. ಅವರ ಉದ್ದೇಶ ಒಂದೇ ಅಳತೆಯ ಟೈಲ್ಸ್ ಹಾಸಿದಂತೆ ಕಾಣಬಾರದು ಎನ್ನುವುದು. ಸುಮಾರು 36,000 ಕಲ್ಲುಗಳು, ಎಲ್ಲೂ ಪುನರಾವರ್ತನೆಯಾಗದ ವಿನ್ಯಾಸ. ಕೆಲವು ಕಲ್ಲುಗಳ ಮೇಲ್ಮೈ ನುಣುಪು, ಕೆಲವು ಒರಟು, ಕೆಲವು ಗೆರೆ ಕೊರೆದವು. ಬಿಸಿಲು ಓರೆಯಾಗಿ ಬಿದ್ದ ಸಂಜೆ ಒಂದೇ ಬಿಳಿಯಲ್ಲಿ ಹತ್ತು ಬಗೆ ಕಾಣುವುದು ಆ ಉಳಿ ಕೆಲಸದಿಂದ. ಏಣು ತೆಗೆದರೆ ನೀರು ಎಲ್ಲಿಂದ ಎಲ್ಲಿಗೆ ಹರಿಯಬೇಕು, ಎರಡು ಇಳಿಜಾರು ಸೇರುವ ಮಡಿಕೆ ಎಲ್ಲಿ ಎಂಬುದನ್ನೆಲ್ಲ ಬೇರೆ ರೀತಿ ಬಿಡಿಸಬೇಕು.

ಇಳಿಜಾರು:
ಬಿಡಿಸಬಹುದಲ್ಲವೇ? ನಾನು ಏಣು ತೆಗೆಯಿರಿ ಎನ್ನುತ್ತಿಲ್ಲ. ಏಣಿನ ಅಂಚಿಗೆ 5 ಸೆಂ.ಮೀ. ಅಗಲದ ಗಾಢ ಬಣ್ಣದ ಕಲ್ಲಿನ ಪಟ್ಟಿ ಕೂರಿಸಿದರೆ ಕಣ್ಣಿಗೆ ಗುರುತು ಸಿಗುತ್ತದೆ. ಒರಟು ಮೇಲ್ಮೈಯನ್ನು ಅಂದಕ್ಕೆ ಬಳಸುವ ಬದಲು ಏಣಿಗೆ 60 ಸೆಂ.ಮೀ. ಮೊದಲೇ ಎಚ್ಚರಿಕೆಯ ಪಟ್ಟಿಯಾಗಿ ಬಳಸಿದರೆ ಕೋಲು ಹಿಡಿದವರಿಗೆ ಕಾಲಿಗೇ ತಿಳಿಯುತ್ತದೆ. ಅದೇ ಕಲಾವಿದರು, ಅದೇ ಉಳಿ. ಕಟ್ಟುವಾಗಲೇ ಯೋಚಿಸಿದ್ದರೆ ಹೆಚ್ಚಿನ ಖರ್ಚು ಇರುತ್ತಿರಲಿಲ್ಲ.

ಹಾಸುಚಪ್ಪಡಿ:
ಒರಟು ಪಟ್ಟಿಯ ಸಲಹೆ ಒಪ್ಪಿದೆ. ಗಾಢ ಪಟ್ಟಿಗೆ ಮಾತ್ರ ಎಚ್ಚರ: ಎರಡು ಜಾತಿಯ ಕಲ್ಲು ಪಕ್ಕಪಕ್ಕ ಕೂತರೆ ಬಿಸಿಲಿಗೆ ಹಿಗ್ಗುವ ಪ್ರಮಾಣ ಬೇರೆ, ಸವೆಯುವ ವೇಗ ಬೇರೆ. ಗ್ರಾನೈಟ್ ಪಟ್ಟಿ ಹಾಗೇ ಉಳಿದು ಸುತ್ತಲಿನ ಅಮೃತಶಿಲೆ ಸವೆದರೆ ಆ ಪಟ್ಟಿಯೇ ಎಡವುಗಲ್ಲಾಗುತ್ತದೆ.

ನಾದಲೆಕ್ಕ:
ಇಷ್ಟು ಹೊತ್ತೂ ತಾರಸಿಯ ಮೇಲೇ ನಿಂತಿದ್ದೀರಿ, ಯಾರಾದರೂ ಒಳಗೆ ಬನ್ನಿ. ಒಪೆರಾ ಕಟ್ಟುವುದು ಹಾಡು ಕೇಳಿಸಲಿಕ್ಕೆ. ಓಸ್ಲೊದ ಕಟ್ಟಡ ಗೆದ್ದಿರುವುದು ಅಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಖ್ಯ ಸಭಾಂಗಣದಲ್ಲಿ 1,350ಕ್ಕೂ ಹೆಚ್ಚು ಆಸನ, ಕುದುರೆಲಾಳದ ಆಕಾರ. ಹಳೆಯ ಯುರೋಪಿನ ಒಪೆರಾ ಮನೆಗಳ ಆಕಾರವೇ. ಅದರ ಲಾಭವೆಂದರೆ ಕೊನೆಯ ಸಾಲಿನವರೂ ವೇದಿಕೆಗೆ ಹತ್ತಿರ, ಬಾಲ್ಕನಿಯ ಮುಂಭಾಗಗಳು ಎರಡೂ ಬದಿಯಿಂದ ಬೇಗ ಪ್ರತಿಫಲನ ಕೊಡುತ್ತವೆ. ಕೇಡೆಂದರೆ ಒಳಬಾಗಿದ ಗೋಡೆ ಕನ್ನಡಿಯಂತೆ ದನಿಯನ್ನು ಒಂದೇ ಕಡೆ ಗುಡ್ಡೆ ಹಾಕುತ್ತದೆ. ಹಾಗಾಗಿ ಬಾಲ್ಕನಿಯ ಮುಂಭಾಗಕ್ಕೆ ಎಲ್ಲ ಕಡೆ ಒಂದೇ ವಕ್ರತೆ ಕೊಡದೆ ಜಾಗಕ್ಕೆ ತಕ್ಕಂತೆ ಬದಲಿಸಿದ್ದಾರೆ, ಹಿಂಗೋಡೆಯ ಫಲಕಗಳನ್ನು ಹೊರಕ್ಕೆ ಉಬ್ಬಿಸಿದ್ದಾರೆ. ಅಮೋನಿಯಾ ಹಾಯಿಸಿ ಗಾಢವಾಗಿಸಿದ ಓಕ್ ಮರ, ಗಟ್ಟಿ ಮತ್ತು ಭಾರ. ತೆಳು ಪ್ಲೈವುಡ್ ಆಗಿದ್ದರೆ ತಾನೇ ನಡುಗಿ ಮಂದ್ರದ ಸ್ವರಗಳನ್ನು ನುಂಗಿಬಿಡುತ್ತಿತ್ತು. ಮೇಲೆ ದೀಪದ ಸುತ್ತ ಅಂಡಾಕಾರದ ಪ್ರತಿಫಲಕವಿದೆ.

ಅನುರಣನ ಕಾಲ, ಅಂದರೆ ದನಿ ನಿಂತ ಮೇಲೂ ಅದರ ಗುಂಗು ಉಳಿಯುವ ಹೊತ್ತು, ಸುಮಾರು 1.7 ಸೆಕೆಂಡು. ಒಪೆರಾಕ್ಕೆ ಇದು ಉದ್ದದ ಕಡೆಗೇ. ಸಬೀನ್ ಸೂತ್ರದಲ್ಲಿ ಅನುರಣನ = 0.161 × ಘನ ಅಳತೆ ÷ ದನಿಯ ಒಟ್ಟು ಹೀರಿಕೆ. ಲೆಕ್ಕಕ್ಕೆಂದು ಒಬ್ಬ ಕೇಳುಗನಿಗೆ 8 ಘನ ಮೀಟರ್ ಇಟ್ಟರೆ 1,350 ಜನಕ್ಕೆ 10,800 ಘನ ಮೀಟರ್. 1.7 ಸೆಕೆಂಡು ಬರಬೇಕಾದರೆ ಒಟ್ಟು ಹೀರಿಕೆ ಸುಮಾರು 1,020 ಚದರ ಮೀಟರ್ ದಾಟಬಾರದು. ಜನ, ಕುರ್ಚಿ ಸೇರಿಯೇ ಅದರ ಬಹುಪಾಲು ತಿಂದುಬಿಡುತ್ತಾರೆ. ಉಳಿದದ್ದರಲ್ಲಿ ಕಾರ್ಪೆಟ್, ಪರದೆ, ಮೆತ್ತೆಗೆ ಜಾಗವೇ ಇಲ್ಲ. ಸಾಂಸ್ಕೃತಿಕ ಭವನ ಎಂದ ಕೂಡಲೇ ಗೋಡೆಗೆ ರಂಧ್ರದ ಫಲಕ ಹೊಡೆದು ಕಾರ್ಪೆಟ್ ಹಾಸುವ ಕಡೆಗಳಲ್ಲಿ ಕೆಡುವುದು ಈ ಲೆಕ್ಕವೇ. ಆಮೇಲೆ ಮೈಕಿಲ್ಲದೆ ಹಾಡು ಕೊನೆಯ ಸಾಲಿಗೆ ತಲುಪುವುದಿಲ್ಲ.

ಗಾರೆಕಲ್ಲು:
ನಾದಲೆಕ್ಕ, ಒಂದು ಅನುಮಾನ. ಮೇಲೆ ಸಾವಿರಾರು ಜನ ಬೂಟು ಹಾಕಿ ನಡೆಯುವಾಗ ಕೆಳಗೆ ಪಿಯಾನಿಸ್ಸಿಮೊ (ತೀರಾ ಮೆಲುದನಿಯ ಸಂಗೀತ) ಕೇಳುವುದು ಹೇಗೆ?

ನಾದಲೆಕ್ಕ:
ಒಳ್ಳೆಯ ಪ್ರಶ್ನೆ. ಹೆಜ್ಜೆಯ ಸದ್ದು ಗಾಳಿಗಿಂತ ಕಟ್ಟಡದ ಮೈಯೊಳಗೇ ಹೆಚ್ಚು ಪಯಣಿಸುತ್ತದೆ. ಇಂಥ ಕಟ್ಟಡದಲ್ಲಿ ಪಾಲಿಸಬೇಕಾದ ನಿಯಮ: ಸಭಾಂಗಣ ತನ್ನದೇ ಕಾಂಕ್ರೀಟ್ ಪೆಟ್ಟಿಗೆಯಾಗಿರಬೇಕು, ತಾರಸಿಯ ಹಾಸು ಅದಕ್ಕೆ ಗಟ್ಟಿಯಾಗಿ ಅಂಟಿರಬಾರದು. ನಡುವೆ ಸಂದು ಬಿಟ್ಟು ಮೆತ್ತನೆಯ ಪದರದ ಮೇಲೆ ಕಲ್ಲು ಕೂರಬೇಕು. ಎಲ್ಲೋ ಒಂದು ಕಡೆ ಗಾರೆ ಬಿದ್ದು ಗಟ್ಟಿಯಾಗಿ ಎರಡೂ ಭಾಗ ಸೇರಿಕೊಂಡರೆ ಸಾಕು, ಇಡೀ ಏರ್ಪಾಡು ವ್ಯರ್ಥ. ಸದ್ದು ಆ ಸೇತುವೆಯಿಂದಲೇ ಇಳಿಯುತ್ತದೆ. ಕೆಲಸ ನಡೆಯುವಾಗ ಮೇಸ್ತ್ರಿ ಪ್ರತಿ ಸಂದಿಗೂ ಟಾರ್ಚ್ ಬಿಟ್ಟು ನೋಡಬೇಕಾದ್ದು ಅದಕ್ಕೇ.

ಅಡಿಪಾಯ:
ನಾನೊಂದು ಸಂಖ್ಯೆ ಸೇರಿಸುತ್ತೇನೆ. ಓಸ್ಲೊದಲ್ಲಿ ವೇದಿಕೆಯ ಕೆಳಭಾಗ ಸಮುದ್ರಮಟ್ಟಕ್ಕಿಂತ ಸುಮಾರು 16 ಮೀಟರ್ ಕೆಳಗಿದೆ. ಅಷ್ಟು ಆಳದಲ್ಲಿ ನೀರು ಕೆಳಗಿನಿಂದ ಎತ್ತುವ ಒತ್ತಡ ಚದರ ಮೀಟರಿಗೆ ಸುಮಾರು 16 ಟನ್. 1 ಮೀಟರ್ ದಪ್ಪದ ಕಾಂಕ್ರೀಟ್ ಹಾಸಿನ ತೂಕ ಬರೀ 2.5 ಟನ್. ಉಳಿದದ್ದನ್ನು ಗೋಡೆಗಳ ಭಾರ, ಮೇಲಿನ ಕಟ್ಟಡದ ಭಾರ, ಕೆಳಕ್ಕೆ ಎಳೆದು ಹಿಡಿಯುವ ಪೈಲ್‌ಗಳು (ನೆಲದಾಳಕ್ಕೆ ಇಳಿಸಿದ ಕಂಬಗಳು) ಸೇರಿ ಹೊರಬೇಕು. ಅಪಾಯ ಹೆಚ್ಚಿರುವುದು ಕಟ್ಟಡ ಅರ್ಧ ಎದ್ದ ಹಂತದಲ್ಲಿ: ಮೇಲೆ ಭಾರ ಬಂದಿರುವುದಿಲ್ಲ, ಪಂಪ್ ನಿಂತರೆ ಗುಂಡಿ ದೋಣಿಯಂತೆ ತೇಲಲು ನೋಡುತ್ತದೆ. ಸಮುದ್ರದ ನೀರಾದ್ದರಿಂದ ಅದರ ಉಪ್ಪಿನ ಕ್ಲೋರೈಡ್ ಕಂಬಿಗೆ ತಲುಪದಂತೆ ಕಂಬಿಯ ಮೇಲಿನ ಕಾಂಕ್ರೀಟ್ ಕವರ್ ದಪ್ಪ ಇಡಬೇಕು, ಬಿರುಕಿನ ಅಗಲವನ್ನು ಬಿಗಿಯಾಗಿ ಹಿಡಿಯಬೇಕು.

ಕಟ್ಟಡದ ಆಚೆಗೂ ಒಂದು ಮಾತು. 2008ರಲ್ಲಿ ಒಪೆರಾ ತೆರೆದಾಗ ಅದಕ್ಕೂ ಊರಿಗೂ ನಡುವೆ ಹೆದ್ದಾರಿ ಇತ್ತು. ಆ ವಾಹನಗಳು ನೆಲದ ಮೇಲಿಂದ ಮಾಯವಾದದ್ದು 2010ರಲ್ಲಿ, ಸಮುದ್ರತಳದಲ್ಲಿ ಮುಳುಗಿಸಿ ಜೋಡಿಸಿದ ಬ್ಯೋರ್ವಿಕಾ ಸುರಂಗ ತೆರೆದ ಮೇಲೆ. ಪಕ್ಕದಲ್ಲಿ 2020ರಲ್ಲಿ ಡೈಖ್‌ಮಾನ್ ಗ್ರಂಥಾಲಯ, 2021ರಲ್ಲಿ ಮುಂಕ್ ಮ್ಯೂಸಿಯಂ ಬಂದವು. ತಾರಸಿಯ ಯಶಸ್ಸನ್ನು ಒಂದು ವಿನ್ಯಾಸ ಸಂಸ್ಥೆಯ ಖಾತೆಗೆ ಮಾತ್ರ ಬರೆಯುವುದು ನ್ಯಾಯವಲ್ಲ. ಜನ ಅಲ್ಲಿಗೆ ನಡೆದು ಬರುವಂತೆ ಮಾಡಿದ್ದರಲ್ಲಿ ಸುರಂಗದ ಪಾಲೂ ಇದೆ.

ತೇವಪತ್ತೆ:
ಅದರ ಜೊತೆ ಮಾಲೀಕ ಯಾರು ಎಂಬುದೂ ಬರಬೇಕು. ಓಸ್ಲೊದಲ್ಲಿ ಕಟ್ಟಿಸಿದ್ದು ಸರ್ಕಾರದ ಕಟ್ಟಡ ಇಲಾಖೆ ಸ್ಟಾಟ್ಸ್‌ಬಿಗ್. ಕೋಪನ್‌ಹೇಗನ್ ಒಪೆರಾ, ಹೆನ್ನಿಂಗ್ ಲಾರ್ಸೆನ್ ವಿನ್ಯಾಸ, 2005ರಲ್ಲಿ ತೆರೆದದ್ದು, ಹಡಗು ಉದ್ಯಮಿ ಮರ್ಸ್ಕ್ ಮ್ಯಾಕಿನಿ ಮೊಲ್ಲರ್ ಕಡೆಯ ಪ್ರತಿಷ್ಠಾನದ ಕೊಡುಗೆ. ಅಲ್ಲಿ ಮುಂಭಾಗದ ಗಾಜಿಗೆ ಅಡ್ಡಲಾಗಿ ಉಕ್ಕಿನ ಪಟ್ಟಿ ಬಂದದ್ದು ದಾನಿಯ ಹಟದಿಂದ. ಲಾರ್ಸೆನ್ ತಮ್ಮ ಅಸಮಾಧಾನವನ್ನು ಬಹಿರಂಗವಾಗಿಯೇ ಹೇಳಿಕೊಂಡರು. ಒಬ್ಬ ದಾನಿ ಮೆಚ್ಚಿಸಬೇಕಾದ ಕಟ್ಟಡದಲ್ಲಿ ‘ತಾರಸಿ ಊರಿಗೆ ಬಿಟ್ಟದ್ದು’ ಎಂಬ ವಾದ ಗೆಲ್ಲುವುದು ಕಷ್ಟ. ತಾರಸಿಯ ಸವೆತವನ್ನು, ಬಿದ್ದು ಪೆಟ್ಟಾದವರ ದೂರನ್ನು, ಕಲೆ ತೆಗೆಯುವ ಖರ್ಚನ್ನು ಯಾರು ಹೊರುತ್ತಾರೆ ಎಂದು ಬರೆದಿಟ್ಟ ಮಾಲೀಕ ಇದ್ದರೆ ಮಾತ್ರ ಇಂಥ ನಕ್ಷೆಗೆ ಬೆಲೆ.

ಲಿಪಿಗೋಡೆ:
ಸ್ನೋಹೆಟ್ಟಾವನ್ನು ಓಸ್ಲೊದಿಂದ ಮಾತ್ರ ಅಳೆಯಬೇಡಿ. ಅವರಿಗೆ ಹೆಸರು ತಂದದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಗ್ರಂಥಾಲಯ. 500ಕ್ಕೂ ಹೆಚ್ಚು ಪ್ರವೇಶಗಳಿದ್ದ ಸ್ಪರ್ಧೆಯನ್ನು 1989ರಲ್ಲಿ ಗೆದ್ದರು, ಕಟ್ಟಡ ತೆರೆದದ್ದು 2002ರಲ್ಲಿ. 160 ಮೀಟರ್ ವ್ಯಾಸದ ವೃತ್ತ, ಸಮುದ್ರದ ಕಡೆಗೆ ವಾಲಿದ ಛಾವಣಿ. ಬೆಳಕಿನ ಕಿಂಡಿಗಳ ಮುಖ ಉತ್ತರಕ್ಕೆ, ಓದುವ ಮೇಜಿಗೆ ಬೆಳಕು ಬರುತ್ತದೆ, ಪುಸ್ತಕಕ್ಕೆ ನೇರ ಬಿಸಿಲು ತಾಗುವುದಿಲ್ಲ.

ಈ ಚರ್ಚೆಗೆ ಬೇಕಾದ ಭಾಗ ಅದರ ಗೋಡೆ. ಅಸ್ವಾನ್‌ನ ಬೂದು ಗ್ರಾನೈಟ್, ಮೇಲೆ ಸುಮಾರು 120 ಲಿಪಿಗಳ ಅಕ್ಷರಗಳ ಕೆತ್ತನೆ. ಕೆಲಸ ಮಾಡಿಸಿದವರಲ್ಲಿ ಸಾನ್ನೆಸ್, ಬ್ಲೂಸ್ಟಾಡ್ ಇದ್ದರು, ಹಾಸುಚಪ್ಪಡಿ ಹೇಳಿದ ಅದೇ ಇಬ್ಬರು. ಗಾರೆಕಲ್ಲು ಅವರೇ, ಇವರಿಗೆ ಗ್ರಾನೈಟ್ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಒಂದು ಕಡೆ ಸ್ಥಳೀಯ ಗ್ರಾನೈಟ್, ಇನ್ನೊಂದು ಕಡೆ ದೂರದ ಅಮೃತಶಿಲೆ, ಎರಡನ್ನೂ ತಿಳಿದೇ ಆರಿಸಿದ್ದಾರೆ.

ಗಾರೆಕಲ್ಲು:
ತಿಳಿದು ಆರಿಸಿದರು ಎನ್ನುವುದರಿಂದ ಆಯ್ಕೆ ಸರಿ ಎಂದಾಗುವುದಿಲ್ಲ. ಫಿನ್‌ಲಾಂಡಿಯಾದವರೂ ತಿಳಿದೇ, ಪರಂಪರೆ ಉಳಿಸಬೇಕೆಂದು 1990ರ ದಶಕದಲ್ಲಿ ಮತ್ತೆ ಕರಾರಾ ಹಾಕಿದರು. ಅದೂ ಬಾಗಿತು. ಕೊನೆಗೆ 2025ರಲ್ಲಿ ಮತ್ತೆ ತೆರೆದಾಗ ಗೋಡೆಗೆ ಬಂದದ್ದು ಇಟಲಿಯದೇ ಆದರೂ ಆಲ್ಪ್ಸ್ ಕಡೆಯ ಲಾಸಾ ಅಮೃತಶಿಲೆ. ಹಾಸುಚಪ್ಪಡಿಯವರ ‘ದಪ್ಪ ಕಲ್ಲು, ಪೂರ್ತಿ ಆಧಾರ’ ಎನ್ನುವ ವಾದವನ್ನು ಒಪ್ಪುತ್ತೇನೆ. ಬಣ್ಣ, ಸವೆತ, ಉಪ್ಪು: ಈ ಮೂರಕ್ಕೆ ಉತ್ತರ ಇನ್ನೂ ಬಂದಿಲ್ಲ.

ಮೂರನೇಸೆಮ್:
ಸರ್, ಮೇಡಂ, ಒಂದು ಕೇಳಬಹುದೇ? ನಡೆಯುವ ತಾರಸಿಯ ಸೆಕ್ಷನ್ (ಕತ್ತರಿಸಿದಂತೆ ಒಳಪದರ ತೋರಿಸುವ ನಕ್ಷೆ) ಬರೆಯುವಾಗ ಕೆಳಗಿನಿಂದ ಪದರಗಳ ಕ್ರಮ ಹೇಗಿರಬೇಕು? ನಮ್ಮಲ್ಲಿ ಎಲ್ಲರೂ ಸ್ಲ್ಯಾಬ್ ಮೇಲೆ ನೇರ ಕಲ್ಲು ತೋರಿಸುತ್ತಾರೆ.

ಹಾಸುಚಪ್ಪಡಿ:
ಕೆಳಗಿನಿಂದ: ಇಳಿಜಾರಿನಲ್ಲೇ ಎರಕ ಹೊಯ್ದ ಕಾಂಕ್ರೀಟ್, ಅದರ ಮೇಲೆ ಎರಡು ಪದರ ವಾಟರ್‌ಪ್ರೂಫಿಂಗ್, ಅಂಚಿನಲ್ಲಿ ಕನಿಷ್ಠ 15 ಸೆಂ.ಮೀ. ಮೇಲಕ್ಕೆ ಮಡಚಿದ್ದು, ಭಾರ ತಡೆಯುವ ಗಟ್ಟಿ ಫೋಮ್, ನೀರು ಹರಿಯುವ ಪದರ, ಕೊನೆಗೆ ಕಲ್ಲು. ಮಳೆನೀರನ್ನು ಎರಡು ಮಟ್ಟದಲ್ಲಿ ಹಿಡಿಯಬೇಕು, ಕಲ್ಲಿನ ಮೇಲೆ ಒಮ್ಮೆ, ವಾಟರ್‌ಪ್ರೂಫಿಂಗ್ ಮೇಲೆ ಇನ್ನೊಮ್ಮೆ. ಕೀಲಿನಿಂದ ಇಳಿದ ನೀರಿಗೆ ದಾರಿ ಇಲ್ಲದಿದ್ದರೆ ತೇವಪತ್ತೆ ಹೇಳಿದ ಹಳದಿ ಅಲ್ಲಿಂದಲೇ ಶುರು.

ವಿದ್ಯಾರ್ಥಿಗಳು ಬಿಡುವುದು ಜಾರುವ ಬಲವನ್ನು. 8 ಸೆಂ.ಮೀ. ಅಮೃತಶಿಲೆ ಚದರ ಮೀಟರಿಗೆ ಸುಮಾರು 216 ಕೆ.ಜಿ. 1:10 ಇಳಿಜಾರಿನಲ್ಲಿ ಅದರ ಹತ್ತನೇ ಒಂದು ಪಾಲು, 21 ಕೆ.ಜಿ.ಯಷ್ಟು, ಕೆಳಕ್ಕೆ ತಳ್ಳುತ್ತದೆ. ಹತ್ತು ಮೀಟರ್ ಉದ್ದದ ಸಾಲಿಗೆ ಪ್ರತಿ ಮೀಟರ್ ಅಗಲದಲ್ಲಿ 210 ಕೆ.ಜಿ. ಅಡಿಯ ಪದರದ ಹಿಡಿತ ಸಾಲದಿದ್ದರೆ ಆ ಭಾರ ಕೆಳಗಿನ ಕೊನೆಯ ಕಲ್ಲಿನ ಅಂಚಿಗೆ ಬಂದು ಮೂಲೆ ಸಿಡಿಯಬಹುದು. ಕೆಲವು ಮೀಟರಿಗೊಂದು ತಡೆಪಟ್ಟಿ ಬೇಕು. ಅದಕ್ಕೆ ಬೋಲ್ಟ್ ಹೊಡೆಯುವಾಗ ವಾಟರ್‌ಪ್ರೂಫಿಂಗ್ ತೂತಾಗುತ್ತದೆ, ಆದ್ದರಿಂದ ಕಾಂಕ್ರೀಟ್ ಹಾಕುವಾಗಲೇ ಅಡ್ಡಗಟ್ಟೆ ಎಬ್ಬಿಸಿ, ನೀರು ಹೋಗಲು ನಡುನಡುವೆ ಸಂದು ಬಿಟ್ಟು, ಅದರ ಮೇಲೂ ವಾಟರ್‌ಪ್ರೂಫಿಂಗ್ ಹಾಯಿಸಿ.

ಅಡಿಪಾಯ:
ಹಿಗ್ಗುವ ಸಂದೂ ಬರೆಯಿರಿ. 20 ಮೀಟರ್ ಕಾಂಕ್ರೀಟ್, 60 ಡಿಗ್ರಿ ಏರಿಳಿತ ಇದ್ದರೆ 12 ಮಿ.ಮೀ. ಚಲನೆ. ಸ್ಲ್ಯಾಬ್‌ನ ಸಂದು ಎಲ್ಲಿದೆಯೋ ಕಲ್ಲಿನಲ್ಲೂ ಅದೇ ಗೆರೆಯಲ್ಲಿ ಸಂದು ಬರಲೇಬೇಕು. ಅಂದಕ್ಕಾಗಿ ಒಂದಡಿ ಆಚೀಚೆ ಸರಿಸಿದರೆ ಮೇಲಿನ ಕಲ್ಲು ಸೀಳುತ್ತದೆ.

ಇಳಿಜಾರು:
ಮೂರನೇಸೆಮ್, ಆ ಸೆಕ್ಷನ್ ಪಕ್ಕದಲ್ಲೇ ಗಾಲಿಕುರ್ಚಿ ಹೋಗುವ ದಾರಿಯನ್ನೂ ಅದೇ ಸ್ಕೇಲ್‌ನಲ್ಲಿ ಬರೆಯಿರಿ, 1:12ಕ್ಕಿಂತ ಕಡಿದಾದ ಭಾಗಕ್ಕೆ ಬಣ್ಣ ಹಚ್ಚಿ. ತಾರಸಿಗೆ ಲಿಫ್ಟ್ ಕೊಟ್ಟು ಕೈತೊಳೆದುಕೊಳ್ಳಬೇಡಿ. ಲಿಫ್ಟ್‌ನಿಂದ ಇಳಿದವರು ಎಷ್ಟು ದೂರ ಹೋಗಬಲ್ಲರು ಎಂಬುದನ್ನೂ ನಕ್ಷೆಯಲ್ಲೇ ತೋರಿಸಿ.